ಹಚ್ಚೆಯ ವಿನ್ಯಾಸ: ಆಯ್ಕೆಯ ಅಧಿಕಾರ ಯಾರದು?

ಅಂಗಳದ ರಂಗೋಲಿ ಮರುದಿನದ ಸಗಣಿ ನೀರಿಗೆ ಅಳಿಯುತ್ತದೆ. ಗೋಡೆಯ ಹಸೆ ಮುಂದಿನ ಹಬ್ಬದ ಸುಣ್ಣ, ಕೆಮ್ಮಣ್ಣುಗಳ ಅಡಿಗೆ ಸರಿಯುತ್ತದೆ. ಜನಪದ ಚಿತ್ರಪ್ರಕಾರಗಳಲ್ಲಿ ತಿದ್ದಲು, ಅಳಿಸಲು ಎಡೆಗೊಡದಿರುವುದು ಹಚ್ಚೆ. ಆದ್ದರಿಂದ ಇದರ ಅಧ್ಯಯನದಲ್ಲಿ ವಿನ್ಯಾಸ ಯಾವುದೆಂಬ ಪ್ರಶ್ನೆಯಷ್ಟೇ, ಅದನ್ನು ನಿರ್ಧರಿಸಿದವರು ಯಾರೆಂಬ ಪ್ರಶ್ನೆಯೂ ಮುಖ್ಯವಾಗುತ್ತದೆ. ಪ್ರಸ್ತುತ ಪ್ರಬಂಧವು ಈ ಎರಡನೆಯ ಪ್ರಶ್ನೆಯನ್ನು ಪರಿಶೀಲಿಸುತ್ತದೆ.

ಕರ್ನಾಟಕದಲ್ಲಿ ಹಚ್ಚೆ ಹೊಯ್ಯುವ ವೃತ್ತಿ ಮುಖ್ಯವಾಗಿ ಕೊರಮ, ಕೊರಚ ಸಮುದಾಯಗಳ ಹೆಂಗಸರದು. ಬುಟ್ಟಿ ಮಾರುತ್ತ, ಕಣಿ ಹೇಳುತ್ತ ಊರೂರು ಸುತ್ತುವ ಈಕೆ ದೀಪದ ಮಸಿಯನ್ನು ಸೊಪ್ಪಿನ ರಸದಲ್ಲೋ ಎದೆಹಾಲಿನಲ್ಲೋ ಕಲಸಿ, ಕಡ್ಡಿಯಿಂದ ಚಿತ್ರ ಬರೆದು, ಒಟ್ಟಾಗಿ ಕಟ್ಟಿದ ಸೂಜಿಗಳಿಂದ ಚುಚ್ಚಿ, ಮೇಲೆ ಅರಿಶಿನ ಹಚ್ಚುತ್ತಿದ್ದಳು. ನೋವು ಮರೆಸಲು ಹಾಡಿತ್ತು. ಕೂಲಿಯಾಗಿ ಕಾಳುಕಡಿ, ಎಲೆಯಡಿಕೆ, ಹಳೆಯ ಸೀರೆ ಸಲ್ಲುತ್ತಿದ್ದವು. ಒಡವೆ ವಸ್ತ್ರಗಳು ಇಲ್ಲಿಯೇ ಉಳಿಯುತ್ತವೆ, ಸತ್ತಾಗ ಸಂಗಡ ಬರುವುದು ಹಚ್ಚೆಯೊಂದೇ ಎಂಬ ನಂಬಿಕೆ ಈ ಆಚರಣೆಯ ಹಿಂದಿದೆ. ದೇಹ ಅದನ್ನು ಹಿಡಿದಿಟ್ಟುಕೊಳ್ಳುವ ಬಗೆಯೂ ವಿಶಿಷ್ಟವಾದುದು. ಒಳಚರ್ಮದ ರಕ್ಷಕ ಕೋಶಗಳು ಬಣ್ಣದ ಕಣಗಳನ್ನು ನುಂಗುತ್ತವೆ. ಅವು ಸತ್ತಾಗ ಹೊರಬಿದ್ದ ಕಣಗಳನ್ನು ಹೊಸ ಕೋಶಗಳು ಮತ್ತೆ ಹಿಡಿಯುತ್ತವೆ. ಇಲಿಗಳ ಮೇಲಿನ ಪ್ರಯೋಗದಿಂದ ಫ್ರಾನ್ಸಿನ ವಿಜ್ಞಾನಿಗಳು 2018ರಲ್ಲಿ ಇದನ್ನು ತೋರಿಸಿಕೊಟ್ಟರು.

ಹೀಗೆ ಬದುಕಿನುದ್ದಕ್ಕೂ ಉಳಿಯುವ ಚಿತ್ರವನ್ನು ಆಯ್ದುಕೊಳ್ಳುವ ಕ್ರಮ ಸಾಂಪ್ರದಾಯಿಕ ಸಮಾಜದಲ್ಲಿ ಹೇಗಿತ್ತು? ಚುಕ್ಕಿಗಳು, ಚೇಳು, ತುಳಸಿಕಟ್ಟೆ, ತೊಟ್ಟಿಲು, ತೇರು, ಹೂಬಳ್ಳಿ, ಹಕ್ಕಿ ಮೊದಲಾದ ಪರಿಚಿತ ಚಿತ್ರಗಳ ಒಂದು ಭಂಡಾರವಿತ್ತು. ಹಚ್ಚೆಯವಳ ಕೈ ಅದನ್ನು ಬಲ್ಲುದಾಗಿತ್ತು. ಮನೆಯ ಹಿರಿಯ ಹೆಂಗಸರ ಮುಂಗೈಗಳೇ ಮಾದರಿಯ ಪುಟಗಳಾಗಿದ್ದವು. ಯಾರಿಗೂ ಇಲ್ಲದ ಚಿತ್ರ ತನಗೆ ಬೇಕೆಂಬ ಹಂಬಲಕ್ಕೆ ಅಲ್ಲಿ ಹೆಚ್ಚಿನ ಎಡೆಯಿರಲಿಲ್ಲ. ಅವ್ವನ, ಅಜ್ಜಿಯ ಕೈಯಲ್ಲಿ ಹಳತಾದ ಚಿತ್ರವನ್ನೇ ಹಾಕಿಸಿಕೊಂಡವಳಿಗೆ ಅದು ಮುಂದೆ ಹೇಗೆ ಕಾಣುತ್ತದೆಂಬ ಅಳುಕೂ ಇರಲಿಲ್ಲ. ಅಳಿಸಲಾಗದ ನಿರ್ಧಾರದ ಭಾರವನ್ನು ಸಮುದಾಯವೇ ಹಂಚಿಕೊಂಡಿತ್ತು.

ಆದರೆ ಈ ಹಂಚಿಕೆಯನ್ನು ಕೇವಲ ಮೆಚ್ಚುಗೆಯಿಂದ ನೋಡಲಾಗದು. ಎಳೆಯ ವಯಸ್ಸಿನಲ್ಲಿ, ಮದುವೆಗೆ ಮುಂಚೆಯೇ, ಹಿರಿಯರು ಕೈಹಿಡಿದು ಕೂರಿಸಿ ಚುಚ್ಚಿಸಿದ ಹಚ್ಚೆಯಲ್ಲಿ ಹುಡುಗಿಯ ಒಪ್ಪಿಗೆ ಎಷ್ಟರಮಟ್ಟಿಗಿತ್ತು? ಅಕ್ಷರ ಹರಡಿದ ಮೇಲೆ ತೋಳುಗಳ ಮೇಲೆ ಹೆಸರುಗಳೂ ಮೂಡಿದವು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬ ಕಟ್ಟಿನಲ್ಲಿದ್ದವಳ ತೋಳು ಆ ಹೆಸರನ್ನು ಹೇಳತೊಡಗಿತು. ಇದು ಅವಳ ಮಾತೋ, ಅವಳ ಮೇಲಿನ ಮುದ್ರೆಯೋ ಎಂಬುದನ್ನು ಚಿತ್ರವೊಂದರಿಂದಲೇ ತಿಳಿಯಲಾಗುವುದಿಲ್ಲ.

ಚಿತ್ರದ ನಿರ್ಧಾರ ಆಳುವವರ ಪಾಲಾದಾಗ ಹಚ್ಚೆಯ ಅರ್ಥವೇ ಬದಲಾಗುತ್ತದೆ. ಈಸ್ಟ್ ಇಂಡಿಯಾ ಕಂಪನಿಯು 1797ರ ಕಾನೂನಿನ ಮೂಲಕ ಬಂಗಾಳದಲ್ಲಿ ಜೀವಾವಧಿ ಶಿಕ್ಷೆಗೊಳಗಾದವರ ಹಣೆಯ ಮೇಲೆ ಹೆಸರು, ಅಪರಾಧ ಮುಂತಾದ ವಿವರಗಳನ್ನು ಹಚ್ಚೆಯಾಗಿ ಹೊಯ್ಯಿಸಿತು. ಗೋದ್ನಾ ಎನಿಸಿಕೊಂಡ ಈ ಶಿಕ್ಷೆ ರದ್ದಾದದ್ದು 1849ರಲ್ಲಿ. ಹಚ್ಚೆಯ ವೃತ್ತಿಯವರೂ ಸರ್ಕಾರದ ಗುರುತಿನಿಂದ ಪಾರಾಗಲಿಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ 1911ರಲ್ಲಿ ಹೊಸ ರೂಪ ತಳೆದು ಮದರಾಸು ಪ್ರಾಂತ್ಯಕ್ಕೂ ವಿಸ್ತರಿಸಿದಾಗ ಕೊರವರು ಅದರ ವ್ಯಾಪ್ತಿಗೆ ಬಂದರು. ನೋಂದಾಯಿತರ ಬೆರಳಚ್ಚು ಪಡೆಯಲು ಆ ಕಾಯಿದೆ ಅವಕಾಶ ನೀಡಿತ್ತು. ಊರು ತನ್ನ ಹೆಣ್ಣುಮಕ್ಕಳ ಕೈಗಳನ್ನು ಯಾರಿಗೆ ನಂಬಿಕೆಯಿಂದ ಒಪ್ಪಿಸಿತ್ತೋ ಅವರ ಸಮುದಾಯವನ್ನೇ ಸರ್ಕಾರ ಹುಟ್ಟು ಅಪರಾಧಿಗಳೆಂದು ಬರೆದುಕೊಂಡಿತು. ಕಾಯಿದೆ ರದ್ದಾದದ್ದು 1952ರಲ್ಲಿ. ಕಳಂಕ ಅಷ್ಟು ಬೇಗ ಅಳಿಯಲಿಲ್ಲ.

ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ'ರೈಲಿ 1891ರಲ್ಲಿ ವಿದ್ಯುತ್ ಹಚ್ಚೆಯಂತ್ರಕ್ಕೆ ಪೇಟೆಂಟ್ ಪಡೆದನು. ಆ ಯಂತ್ರಪರಂಪರೆಯ ಟ್ಯಾಟೂ ಇಂದು ನಮ್ಮ ನಗರಗಳಲ್ಲಿ ಬೇರೂರಿದೆ. ಇಲ್ಲಿ ಚಿತ್ರವನ್ನು ಆಯ್ದುಕೊಳ್ಳುವವರು ಹಾಕಿಸಿಕೊಳ್ಳುವವರೇ. ಹಿಂದೆ ಹುಡುಗಿಗೆ ದೊರೆಯದಿದ್ದ ಸ್ವಾತಂತ್ರ್ಯವಿದು. ಆದರೆ ಹಿಂದೆ ಊರು ಹೊತ್ತಿದ್ದ ಭಾರವನ್ನೂ ಈಗ ಒಬ್ಬರೇ ಹೊರಬೇಕಾಗಿದೆ.

ಹಳೆಯ ಹಚ್ಚೆಗಳನ್ನು ಹೊತ್ತ ತಲೆಮಾರು ಕಣ್ಮರೆಯಾಗುತ್ತಿದೆ. ಅವರ ಮುಂಗೈಗಳ ನಕಲು ಅಥವಾ ಛಾಯಾಚಿತ್ರ ತೆಗೆದುಕೊಂಡರಷ್ಟೇ ಸಾಲದು. ಆ ಚಿತ್ರ ಯಾವ ವಯಸ್ಸಿನಲ್ಲಿ, ಯಾರ ಮಾತಿನಂತೆ, ಯಾರ ಕೈಯಿಂದ ಮೂಡಿತು, ಬೇಡವೆನ್ನುವ ಅವಕಾಶವಿತ್ತೇ ಎಂಬುದನ್ನೂ ಅವರ ಮಾತಿನಲ್ಲಿಯೇ ದಾಖಲಿಸಬೇಕು. ಸೂಜಿ ಹಿಡಿದ ಕೊರಮ, ಕೊರಚ ಹೆಂಗಸರ ನೆನಪುಗಳಿಗೂ ಅಲ್ಲಿ ಸಮಾನ ಸ್ಥಾನ ಸಲ್ಲಬೇಕು. ಹಾಗಾದಾಗ ಮಾತ್ರ ಹಚ್ಚೆಯ ಚರಿತ್ರೆ ಅದನ್ನು ಹೊತ್ತವರ ಮತ್ತು ಹೊಯ್ದವರ ಚರಿತ್ರೆಯಾಗುತ್ತದೆ.