ಮದುವೆ ಎಂಬ ಕಾಲಂ

ಕಳೆದ ಚಳಿಗಾಲದ ಒಂದು ಸಂಜೆ ಫ್ರೀಮಾಂಟಿನ ಗೆಳೆಯರೊಬ್ಬರು ನಮ್ಮ ಮನೆಗೆ ಬಂದರು. ಕೆಲಸ ಹೋಗಿ ಕೆಲವು ತಿಂಗಳಾಗಿತ್ತು. "ಮಗಳ ಮದುವೆ ಮುಂದಿನ ಡಿಸೆಂಬರಿಗೆ, ಮೈಸೂರಿನಲ್ಲಿ. ಈಗಲೇ ಇಲ್ಲಿ ರಿಜಿಸ್ಟರ್ ಮಾಡಿಸಿಬಿಟ್ಟರೆ ಕಾಲೇಜಿನ ಸಹಾಯಧನ ಜಾಸ್ತಿ ಸಿಗುತ್ತಂತೆ, ಹೌದೇನ್ರೀ ಆಡಿಟರೇ?" ಎಂದರು. ಮಗಳು ಇಲ್ಲೇ ಹುಟ್ಟಿದವಳು, ವಯಸ್ಸು 21.

ಬಿ.ಕಾಂ., ಸಿ.ಎ. ಮಾಡಿದ ನನಗೆ ಉತ್ತರ ಹೇಳುವ ಮೊದಲು ಹಳೆಯ ಖಾತೆ ತಿರುವಿಹಾಕುವುದು ಅಭ್ಯಾಸ.

ಈ ಖಾತೆಯನ್ನು 1944ರಿಂದ ಓದಬಹುದು. ಯುದ್ಧ ಮುಗಿಸಿ ಬಂದ ಸೈನಿಕರನ್ನು ಓದಿಸಲೆಂದು ಹುಟ್ಟಿದ ಜಿ.ಐ. ಬಿಲ್, ಶುಲ್ಕದ ಜೊತೆಗೆ ಒಂಟಿ ವಿದ್ಯಾರ್ಥಿಗೆ ತಿಂಗಳಿಗೆ 50 ಡಾಲರ್, ಅವಲಂಬಿತರಿದ್ದವನಿಗೆ 75 ಡಾಲರ್ ಕೊಟ್ಟಿತು. ಇಲ್ಲೇ ಮೆನ್ಲೊ ಪಾರ್ಕಿನಲ್ಲಿದ್ದ ಡಿಬಲ್ ಮಿಲಿಟರಿ ಆಸ್ಪತ್ರೆ 'ಸ್ಟ್ಯಾನ್‌ಫರ್ಡ್ ವಿಲೇಜ್' ಆಗಿ, ಅಲ್ಲಿ ಸಂಸಾರಸ್ಥ ವಿದ್ಯಾರ್ಥಿಗಳು ಬಿಡಾರ ಹೂಡಿದರು. ಆಗಿನ ಲೆಕ್ಕ ಸರಳ: ಹೆಂಡತಿ ಬಂದರೆ ಖರ್ಚು ಹೆಚ್ಚು, ಆದ್ದರಿಂದ ಹಣವೂ ಹೆಚ್ಚು.

1965ರ ಉನ್ನತ ಶಿಕ್ಷಣ ಕಾಯಿದೆ ಮತ್ತು 1972ರ ತಿದ್ದುಪಡಿಗಳು ಬಡ ಮಕ್ಕಳಿಗೆಲ್ಲ ನೆರವು ತಂದವು. ಇಂದಿನ ಪೆಲ್ ಗ್ರಾಂಟಿನ ಮೂಲ ಅದೇ. ಆಗ ಎದ್ದ ಪ್ರಶ್ನೆ: ಯಾರ ಆದಾಯ ನೋಡಬೇಕು? ಮಗ ಅಪ್ಪನ ಮನೆಯಲ್ಲಿ ವರ್ಷಕ್ಕೆ ಎಷ್ಟು ವಾರ ಇದ್ದ ಎಂದು ಎಣಿಸಿದ ಕಾಲವೂ ಇತ್ತು. 1986ರಲ್ಲಿ 24 ವರ್ಷದ ಗೆರೆ ಎಳೆದರು. ಮದುವೆಯಾದವರೂ ಸ್ವತಂತ್ರರೇ, ಆದರೆ ಅಪ್ಪ ತೆರಿಗೆಯಲ್ಲಿ ಅವರನ್ನು ಅವಲಂಬಿತರೆಂದು ತೋರಿಸಬಾರದು ಎಂಬ ಷರತ್ತು. 1992ರ ಕಾನೂನು ಆ ಷರತ್ತನ್ನೂ ತೆಗೆಯಿತು. ಅಂದಿನಿಂದ ಫಾಫ್ಸಾ ಅರ್ಜಿಯಲ್ಲಿ 'ವಿವಾಹಿತ' ಎಂದರೆ ಅಪ್ಪ-ಅಮ್ಮನ ಆದಾಯ ಕೇಳುವುದಿಲ್ಲ.

ಇಷ್ಟು ಕೇಳಿ ಗೆಳೆಯರ ಮುಖ ಅರಳಿತು. ಆದರೆ ಖಾತೆಗೆ ಇನ್ನೊಂದು ಬದಿಯಿದೆ. ಅಪ್ಪನ ಜಾಗಕ್ಕೆ ಗಂಡನ ಆದಾಯ ಬಂದು ಕೂರುತ್ತದೆ. ಮಕ್ಕಳಿಲ್ಲದ ದಂಪತಿಯಾದರೆ ತೆರಿಗೆ, ಜೀವನ ಖರ್ಚು ಕಳೆದು ಉಳಿದದ್ದರಲ್ಲಿ ಅರ್ಧ ಓದಿಗೆ ಲಭ್ಯ ಎಂದು ಸರ್ಕಾರ ಲೆಕ್ಕ ಹಾಕುತ್ತದೆ. ಮದುವೆಯಾಗಿದೆಯೇ ಎಂದು ನೋಡುವುದು ಅರ್ಜಿಗೆ ಸಹಿ ಹಾಕಿದ ದಿನಕ್ಕೆ. ಆದಾಯ ನೋಡುವುದು ಎರಡು ವರ್ಷ ಹಿಂದಿನದು. ಅಂದರೆ ಹುಡುಗಿಯ ಪರಿಚಯವೇ ಇಲ್ಲದಾಗ ಹುಡುಗ ದುಡಿದದ್ದೂ ಲೆಕ್ಕಕ್ಕೆ! ಇಬ್ಬರೂ ಅರೆಕಾಲಿಕ ಕೆಲಸದ ವಿದ್ಯಾರ್ಥಿಗಳಾದರೆ ಲಾಭ. ಇಲ್ಲಿ ಅಳಿಯನಾಗುವವನು ಸ್ಯಾನ್ ಹೋಸೆಯಲ್ಲಿ ಎಂಜಿನಿಯರ್.

ಗೆಳೆಯರು ಸುಮ್ಮನಾದರು. ಆಮೇಲೆ ಮೆಲ್ಲಗೆ, "ಮದುವೆಯಾದರೆ ನಾನು ಅವಳಿಗೆ ಏನೂ ಅಲ್ಲ ಅಂತಾನಾ ಅರ್ಥ?" ಎಂದರು. ತಾಳಿ ಕಟ್ಟಿದ ಮೇಲೂ ಬಾಣಂತನದವರೆಗೆ ತವರಿನ ಖರ್ಚು ಹೊರುವ ನಮ್ಮವರಿಗೆ ಆ ಕಾಲಂ ಅರ್ಥವಾಗುವುದು ಕಷ್ಟ.

ಅವರ ನಿಜವಾದ ತೊಂದರೆ ಬೇರೆಯಿತ್ತು. ಅರ್ಜಿಯಲ್ಲಿ ಕಾಣುತ್ತಿದ್ದದ್ದು ಅವರು ಕಳೆದುಕೊಂಡ ಸಂಬಳ. ಇಂಥ ಸಂದರ್ಭದಲ್ಲಿ ಕಾಗದಪತ್ರ ನೋಡಿ ಆದಾಯವನ್ನು ಮರುಪರಿಶೀಲಿಸುವ ಅಧಿಕಾರ ಕಾನೂನಿನಂತೆ ಕಾಲೇಜಿನ ನೆರವು ಕಚೇರಿಗಿದೆ. "ಮದುವೆ ಸರ್ಟಿಫಿಕೇಟ್ ಬೇಡ, ಕೆಲಸ ಹೋದ ಪತ್ರ ತನ್ನಿ" ಎಂದೆ.

ಅಂದೇ ರಾತ್ರಿ ನಮ್ಮ ಊಟದ ಮೇಜಿನ ಮೇಲೆ ಅರ್ಜಿ ಬರೆದೆವು. ತಂದೆ ಎಂಬ ಕಾಲಂನಲ್ಲಿ ಅವರು ತಮ್ಮ ಹೆಸರನ್ನು ನಿಧಾನವಾಗಿ, ದಪ್ಪ ಅಕ್ಷರದಲ್ಲಿ ಬರೆದರು.