'ಜ್ಯೋತಿ' (1983): ಬೆಂಗಳೂರಿನ ಲಯವಾದ್ಯ ತಂಡದ ಜಾಝ್ ಆಲ್ಬಂ

'ಜ್ಯೋತಿ' ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಮತ್ತು ಬೆಂಗಳೂರಿನ 'ಕರ್ನಾಟಕ ಕಾಲೇಜ್ ಆಫ್ ಪರ್ಕಷನ್' ತಂಡ ಸೇರಿ ಮಾಡಿದ ಆಲ್ಬಂ. 1983ರ ಫೆಬ್ರವರಿಯಲ್ಲಿ ಜರ್ಮನಿಯ ಲುಡ್ವಿಗ್ಸ್‌ಬರ್ಗ್ ಊರಿನ ಸ್ಟುಡಿಯೋದಲ್ಲಿ ಇದರ ರೆಕಾರ್ಡಿಂಗ್ ಆಯಿತು. ಹೊರತಂದಿದ್ದು ಮ್ಯೂನಿಕ್‌ನ ಇಸಿಎಂ ಕಂಪನಿ. ಜಾಝ್ ಕೇಳುವವರ ನಡುವೆ ಜಗತ್ತಿನೆಲ್ಲೆಡೆ ಹೆಸರಿರೋ ಕಂಪನಿ ಇದು.

ಐವರು ಯಾರು?

ಆರ್.ಎ. ರಮಾಮಣಿ: ಗಾಯನ, ತಂಬೂರಿ
ಟಿ.ಎ.ಎಸ್. ಮಣಿ: ಮೃದಂಗ
ಆರ್.ಎ. ರಾಜಗೋಪಾಲ್: ಘಟ, ಮೋರ್ಸಿಂಗ್, ಕೊನ್ನಕೋಲು
ಟಿ.ಎನ್. ಶಶಿಕುಮಾರ್: ಖಂಜಿರ, ಕೊನ್ನಕೋಲು
ಚಾರ್ಲಿ ಮರಿಯಾನೊ: ಸೊಪ್ರಾನೊ ಸ್ಯಾಕ್ಸೊಫೋನ್, ಕೊಳಲು

ಆಲ್ಬಂ ಹುಡುಕಿದರೆ ಮೊದಲು ಕಣ್ಣಿಗೆ ಬೀಳೋದು ಮರಿಯಾನೊ ಹೆಸರು. ಉಳಿದ ನಾಲ್ವರೂ ಕಾಲೇಜಿನ ಹೆಸರಿನೊಳಗೆ ಸೇರಿಹೋಗಿದ್ದಾರೆ. ಆದರೆ ಕೇಳುವಾಗ ಲೆಕ್ಕ ಬೇರೆ. ಮೊದಲ ಹಾಡಿನ ಹೆಸರೇ 'ವಾಯ್ಸ್ ಸೋಲೋ', ಅಂದ್ರೆ ಒಂಟಿ ದನಿ. ಅದು ರಮಾಮಣಿಯವರದ್ದು. ಆಮೇಲೆ 'ವಂದನಂ', 'ವರ್ಷಿಣಿ', 'ಸಪ್ತರ್ಷಿ', 'ಕಾರ್ತಿಕ್', 'ಭಜನ್'. ಒಟ್ಟು ಆರು.

ಹಿನ್ನೆಲೆ

ಮಣಿಯವರು ಈ ಕಾಲೇಜನ್ನು ಶುರು ಮಾಡಿದ್ದು 1964ರಲ್ಲಿ. ರಮಾಮಣಿ ಅವರ ಪತ್ನಿ. ಕಚೇರಿಯಲ್ಲಿ ಮೃದಂಗ, ಘಟ, ಖಂಜಿರ ಪಕ್ಕವಾದ್ಯ. ತನಿ ಆವರ್ತನ ಬಂದಾಗ ಮಾತ್ರ ಅವಕ್ಕೆ ಸ್ವಂತ ಸಮಯ. ಲಯವಾದ್ಯಗಳಿಗೇ ಅಂತ ಒಂದು ಕಾಲೇಜು ಕಟ್ಟಿ, ಅದೇ ಹೆಸರಲ್ಲಿ ವಿದೇಶದ ವೇದಿಕೆ ಹತ್ತಿದ್ದು ಈ ತಂಡದ ಹೆಚ್ಚುಗಾರಿಕೆ.

ಮರಿಯಾನೊ ಹುಟ್ಟಿದ್ದು 1923ರಲ್ಲಿ, ಬಾಸ್ಟನ್‌ನಲ್ಲಿ. ಜಾಝ್‌ನ ದೊಡ್ಡ ಹೆಸರಾದ ಚಾರ್ಲ್ಸ್ ಮಿಂಗಸ್ ಜತೆ 1963ರಲ್ಲಿ ನುಡಿಸಿದವರು. ನಂತರ ದಕ್ಷಿಣ ಭಾರತಕ್ಕೆ ಬಂದು ನಾಗಸ್ವರ ಕಲಿತರು. 'ಜ್ಯೋತಿ' ರೆಕಾರ್ಡ್ ಆಗುವಾಗ ಅವರಿಗೆ 59 ವರ್ಷ.

ನಮ್ಮ ಕಡೆಯವರಿಗೆ ಸ್ಯಾಕ್ಸೊಫೋನ್ ಅಂದ್ರೆ ನೆನಪಾಗೋದು ಕದ್ರಿ ಗೋಪಾಲನಾಥ್ (1949-2019). ಅವರದು ನಾಗಸ್ವರದ ಮನೆತನ. ಮೈಸೂರು ಅರಮನೆ ಬ್ಯಾಂಡ್‌ನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದನ್ನು ಕರ್ನಾಟಕ ಸಂಗೀತಕ್ಕೆ ತಂದರು. ಮರಿಯಾನೊ ನಡೆದಿದ್ದು ಎದುರು ದಿಕ್ಕಲ್ಲಿ, ಸ್ಯಾಕ್ಸೊಫೋನ್‌ನಿಂದ ನಾಗಸ್ವರಕ್ಕೆ.

ಕೇಳೋದು ಹೇಗೆ?

ಪಾಶ್ಚಾತ್ಯ ಜಾಝ್ ತಂಡದಲ್ಲಿ ಸಾಮಾನ್ಯವಾಗಿ ಇರೋ ಪಿಯಾನೊ, ಡ್ರಮ್ ಸೆಟ್, ದೊಡ್ಡ ಬಾಸ್ ಇದರಲ್ಲಿ ಒಂದೂ ಇಲ್ಲ. ಮಣ್ಣಿನ ಘಟ, ಕಬ್ಬಿಣದ ಮೋರ್ಸಿಂಗ್, ಒಂದೇ ಕಡೆ ಚರ್ಮ ಬಿಗಿದ ಖಂಜಿರ, ಮೃದಂಗ ಇವೇ ಆ ಜಾಗ ತುಂಬುತ್ತವೆ. ಆದರೂ ಜಾಝ್ ಅನ್ನೋದಕ್ಕೆ ಕಾರಣ ಇದೆ. ಜಾಝ್‌ನಲ್ಲಿ ವಾದಕ ಅಲ್ಲೇ, ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸ್ತಾನೆ. ನಮ್ಮಲ್ಲಿ ಇದಕ್ಕೆ ಮನೋಧರ್ಮ ಅಂತಾರೆ. ಎರಡೂ ಪದ್ಧತಿ ಕೂಡಿಕೊಳ್ಳೋದು ಈ ಜಾಗದಲ್ಲಿ.

ಕೊನ್ನಕೋಲು ಅಂದ್ರೆ ತಾಳದ ಪೆಟ್ಟುಗಳನ್ನು 'ತಕಧಿಮಿ' ಅಂತ ಬಾಯಲ್ಲಿ ಹೇಳೋದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಯಕ್ಷಗಾನ ಕಲಿತವರಿಗೆ ಇದು ಹೊಸತಲ್ಲ, ಬಾಯಿತಾಳ ಹೇಳಿಯೇ ಕಲಿತಿರ್ತಾರೆ. ಏಳಕ್ಷರದ ತ್ರಿವುಡೆಗೆ ಹೆಜ್ಜೆ ಹಾಕಿದವರಿಗೆ ಕರ್ನಾಟಕ ಸಂಗೀತದ ತಾಳದ ಲೆಕ್ಕವೂ ಪರಕೀಯ ಅನಿಸೋದಿಲ್ಲ.

ನಂತರ

ಈ ಆಲ್ಬಂ ಆದಮೇಲೂ ಮರಿಯಾನೊ ಮತ್ತು ಕಾಲೇಜಿನ ತಂಡ ಒಟ್ಟಿಗೆ ನುಡಿಸಿದರು. ಮರಿಯಾನೊ 2009ರ ಜೂನ್ 16ರಂದು ಜರ್ಮನಿಯ ಕಲೋನ್‌ನಲ್ಲಿ ತೀರಿಕೊಂಡರು.

ಹಿಮ್ಮೇಳದ ಮದ್ದಳೆ, ಚಂಡೆಯವರ ಹೆಸರು ಕರಪತ್ರದ ಕೊನೆಯ ಸಾಲಿಗೆ ಹೋಗೋದು ನಮ್ಮಲ್ಲೂ ಇದೆ. ಬಡಿಯುವವರನ್ನೇ ಮುಂದೆ ಕೂರಿಸಿದರೆ ಏನಾಗುತ್ತೆ ಅನ್ನೋದಕ್ಕೆ 'ಜ್ಯೋತಿ' ಒಂದು ಉದಾಹರಣೆ.