ಹಿತ್ತಿಲ ಗೆಡ್ಡೆಗಳ ಪೂರ್ವೋತ್ತರ

ಆಳಂದ, ಅಫಜಲಪುರ, ಜೇವರ್ಗಿ ಎಂಬ ಮೂರು ತಾಲೂಕುಗಳ ಹೆಸರನ್ನೆತ್ತಿದೊಡನೆ ಜೋಳ, ತೊಗರಿ ಮತ್ತು ಎರೆಭೂಮಿಯ ನೆನಪಾಗುವುದು ಸಹಜವು. ಹೊಲದ ಬೆಳೆಗಳ ವೃತ್ತಾಂತವನ್ನು ಕಂದಾಯದ ದಫ್ತರಗಳು ಹೇಳುತ್ತವೆ. ಬಚ್ಚಲ ನೀರು ಹರಿಯುವ ಕಡೆಯಲ್ಲಿ, ಹಿಂಗೋಡೆಯ ನೆರಳಿನಲ್ಲಿ ಬೆಳೆಯುವ ನಾಲ್ಕು ಅರಿಸಿನದ ಬುಡಗಳಿಗೂ, ಒಂದು ಮಡಿ ಕೆಸುವಿಗೂ, ಸುಗಂಧರಾಜದ ಒಂದು ಗುಂಪಿಗೂ ಅಂಥ ದಫ್ತರವಿಲ್ಲ. ಆದರೂ ಅವಕ್ಕೆ ಇತಿಹಾಸವುಂಟು. ಗಾಳಿಯಾಗಲಿ ಹಕ್ಕಿಯಾಗಲಿ ಈ ಗೆಡ್ಡೆಗಳನ್ನು ಊರಿಂದೂರಿಗೆ ಒಯ್ಯಲಾರವು. ಅಗೆದು, ಬಿಡಿಸಿ, ಕೊಡುವ ಕೈಯೊಂದು ಬೇಕು. ಅದುಕಾರಣ ಇವುಗಳ ಇತಿಹಾಸವೆಂದರೆ ಕೊಡುಕೊಳ್ಳುವಿಕೆಯ ಇತಿಹಾಸವೇ ಆಗಿರುತ್ತದೆ.

ಲೋಕರೂಢಿಯಲ್ಲಿ ನೆಲದೊಳಗೆ ದಪ್ಪಗಾಗುವುದೆಲ್ಲವೂ ಗೆಡ್ಡೆಯೇ. ಶಾಸ್ತ್ರಜ್ಞರು ಮಾತ್ರ ಅವುಗಳಲ್ಲಿ ಭೇದಗಳನ್ನೆಣಿಸುವರು. ಉಳ್ಳಾಗಡ್ಡಿಯನ್ನು ಅಡ್ಡಲಾಗಿ ಕೊಯ್ದರೆ ಪದರಗಳು ಕಾಣುತ್ತವೆ. ಅವು ಆಹಾರವನ್ನು ತುಂಬಿಕೊಂಡ ಎಲೆಗಳ ಬುಡಗಳು. ಕೆಸು ಮತ್ತು ಸುವರ್ಣಗೆಡ್ಡೆಗಳನ್ನು ಕೊಯ್ದರೆ ಪದರಗಳಿಲ್ಲ. ಅವು ಉಬ್ಬಿದ ಕಾಂಡಗಳು. ಅರಿಸಿನ ಶುಂಠಿಗಳೂ ಕಾಂಡಗಳೇ, ಆದರೆ ಮಣ್ಣಿನೊಳಗೆ ಅಡ್ಡಡ್ಡ ಹರಿದು ಕೊಂಬೊಡೆಯುವಂಥವು. ರೂಪಗಳು ಬೇರೆಯಾದರೂ ಉದ್ದೇಶವು ಒಂದೇ. ಮಳೆಗಾಲದಲ್ಲಿ ಎಲೆಗಳು ಗಳಿಸಿದ್ದನ್ನು ಮಣ್ಣಿನೊಳಗೆ ಕೂಡಿಟ್ಟು, ಎಲೆಗಳನ್ನು ಒಣಗಗೊಟ್ಟು, ಮುಂದಿನ ಮಳೆಯ ವರೆಗೆ ಕಾದಿರುವುದು ಇವುಗಳ ಸ್ವಭಾವ. ವರ್ಷದ ಮಳೆಯ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದು, ಉಳಿದ ತಿಂಗಳುಗಳು ಒಣಗಿಯೇ ಕಳೆಯುವ ಭೀಮಾತೀರದ ಸೀಮೆಗೆ ಇಂಥ ಗಿಡಗಳು ಹೊಂದಿಕೊಂಡದ್ದು ಆಶ್ಚರ್ಯವಲ್ಲ.

ಗೆಡ್ಡೆಯೂ ಒಂದು ಬೀಜವೇ ಎಂಬ ತಿಳಿವಳಿಕೆಯು ಬಹು ಪುರಾತನವಾದುದು. ಭೀಮಾನದಿಯು ಅಫಜಲಪುರ ಜೇವರ್ಗಿಗಳನ್ನು ದಾಟಿ ಕೆಳಗೆ ಹರಿದಲ್ಲಿ, ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನವೂ, ಅದರ ಬಳಿಯ ಕನಗನಹಳ್ಳಿಯಲ್ಲಿ ಮಹಾಸ್ತೂಪವೂ ೨೦ನೆಯ ಶತಮಾನದ ಕೊನೆಯ ಭಾಗದಲ್ಲಿ ಬೆಳಕಿಗೆ ಬಂದವು. ಎರಡು ಸಾವಿರ ವರ್ಷಗಳ ಹಿಂದೆ ಈ ನದಿಯ ದಡದಲ್ಲಿ ಬೌದ್ಧಧರ್ಮವು ಬೇರೂರಿದ್ದುದಕ್ಕೆ ಅವು ಸಾಕ್ಷಿಗಳು. ಬೌದ್ಧ ಭಿಕ್ಷುಗಳ ನಡೆವಳಿಕೆಯನ್ನು ವಿಧಿಸುವ ಪಾಲಿಭಾಷೆಯ ವಿನಯಪಿಟಕದಲ್ಲಿ, ಗಿಡಬಳ್ಳಿಗಳನ್ನು ನಾಶಪಡಿಸಬಾರದೆಂಬ ನಿಯಮವೊಂದುಂಟು. ಆ ನಿಯಮವನ್ನು ವಿವರಿಸುವಾಗ ಬೀಜಗಳನ್ನು ಐದು ಬಗೆಯಾಗಿ ಎಣಿಸಿದೆ: ಬೇರಿನಿಂದ, ಕಾಂಡದಿಂದ, ಗೆಣ್ಣಿನಿಂದ, ತುದಿಯಿಂದ ಮತ್ತು ಕಾಳಿನಿಂದ ಹುಟ್ಟುವಂಥವು. ಇವುಗಳಲ್ಲಿ ಮೊದಲನೆಯದಾದ ಮೂಲಬೀಜಕ್ಕೆ ಅಲ್ಲಿ ಕೊಟ್ಟ ಉದಾಹರಣೆಗಳಲ್ಲಿ ಅರಿಸಿನ, ಶುಂಠಿ, ಬಜೆ ಮತ್ತು ಲಾವಂಚಗಳು ಸೇರಿವೆ. ಆ ದೃಷ್ಟಿಯಲ್ಲಿ ಅರಿಸಿನದ ಕೊಂಬು ಬರಿಯ ಅಡಿಗೆಯ ಪದಾರ್ಥವಲ್ಲ, ಮೊಳೆಯಬಲ್ಲ ಜೀವ.

ವೃಕ್ಷಾಯುರ್ವೇದದ ಪಂಡಿತರೂ ಇದೇ ಹಾದಿಯನ್ನು ಹಿಡಿದರು. ಸುರಪಾಲನ ಸಂಸ್ಕೃತ ಗ್ರಂಥವು ಬೀಜ, ಕಾಂಡ ಮತ್ತು ಕಂದಗಳೆಂದು ನೆಡುವಿಕೆಯಲ್ಲಿ ಮೂರು ವಿಧಗಳನ್ನು ಹೇಳಿ, ಕೇಸರಿ, ಹಸಿಶುಂಠಿ, ಬೆಳ್ಳುಳ್ಳಿ ಮೊದಲಾದುವನ್ನು ಕಂದದಿಂದ ಹುಟ್ಟುವ ವರ್ಗಕ್ಕೆ ಸೇರಿಸುತ್ತದೆ. ಕನ್ನಡದಲ್ಲಿಯೂ ಈ ವಿದ್ಯೆಗೆ ಸ್ಥಾನವಿಲ್ಲದೆ ಇರಲಿಲ್ಲ. ಕಲ್ಯಾಣದ ಚಾಲುಕ್ಯರಲ್ಲಿ ಇಮ್ಮಡಿ ಜಯಸಿಂಹನ ಕಾಲದಲ್ಲಿ, ಸುಮಾರು ೧೦೨೫ರಲ್ಲಿ, ಚಾವುಂಡರಾಯನು ರಚಿಸಿದ ಲೋಕೋಪಕಾರವು ಜ್ಯೋತಿಷ, ವಾಸ್ತು, ಪಾಕ, ವೈದ್ಯಗಳೊಡನೆ ವೃಕ್ಷಾಯುರ್ವೇದವನ್ನೂ ಗೃಹಸ್ಥನು ಅರಿಯತಕ್ಕ ವಿಷಯವೆಂದು ಒಳಗೊಂಡಿದೆ. ಮನೆವಾರ್ತೆಯ ತಿಳಿವಳಿಕೆಗಳ ನಡುವೆ ಗಿಡದ ಆರೈಕೆಗೂ ಎಡೆಯಿತ್ತ ಆ ಗ್ರಂಥಕರ್ತನ ಔಚಿತ್ಯಜ್ಞಾನವು ಮೆಚ್ಚತಕ್ಕದ್ದು.

ಪೂರ್ವಿಕರು ಅನುಭವದಿಂದ ಕಂಡುದಕ್ಕೆ ಆಧುನಿಕ ಶಾಸ್ತ್ರವು ಕಾರಣವನ್ನು ಹೇಳಿದೆ. ಗಿಡದ ಜೀವಕೋಶಗಳಲ್ಲಿ ವಂಶಸೂತ್ರಗಳು ಜೋಡಿಜೋಡಿಯಾಗಿದ್ದರೆ ಬೀಜವು ಸರಿಯಾಗಿ ಕಟ್ಟುತ್ತದೆ. ಅರಿಸಿನದಲ್ಲಿ ಅವು ಮೂರು ಮೂರಾಗಿರುವುದರಿಂದ ಅದು ಹೂಬಿಟ್ಟರೂ ಬೀಜ ಕಟ್ಟುವುದು ಅತಿ ವಿರಳ. ಕೇಸರಿಯ ಸ್ಥಿತಿಯೂ ಹೀಗೆಯೇ. ಹಾಗಿದ್ದಲ್ಲಿ ಈ ಸೀಮೆಯ ಮದುವೆಯ ಮನೆಗಳಲ್ಲಿ ಕುಟ್ಟುವ ಅರಿಸಿನವು ಎಂದೋ ಒಂದು ಕಾಲದ ಕೆಲವೇ ಗಿಡಗಳ ತುಂಡಿನ ತುಂಡಾಗಿರಬೇಕು. ನಡುವೆ ಎಷ್ಟೋ ಬರಗಾಲಗಳು ಬಂದುಹೋದುವು. ೧೮೭೬ರಿಂದ ೧೮೭೮ರ ವರೆಗಿನ ಮಹಾಕ್ಷಾಮವು ದಖ್ಖಣವನ್ನೆಲ್ಲ ಸುಟ್ಟಿತು. ಗೆಡ್ಡೆಯಲ್ಲಿ ಉಣ್ಣುವ ಭಾಗ ಬೇರೆ, ಬಿತ್ತುವ ಭಾಗ ಬೇರೆ ಎಂಬುದಿಲ್ಲ. ಹಸಿವಿನ ದಿನ ಎಲ್ಲವನ್ನೂ ಉಂಡ ಮನೆಯಲ್ಲಿ ಆ ಸಂತತಿಯು ಅಲ್ಲಿಗೇ ಮುಗಿಯಿತು. ಅದು ಮತ್ತೆ ಹುಟ್ಟಬೇಕಾದರೆ, ಹಿಂದೆ ಯಾವುದೋ ನೆರೆಮನೆಗೆ ಕೊಟ್ಟಿದ್ದ ಎರಡು ಕೊಂಬುಗಳು ಅಲ್ಲಿ ಉಳಿದಿರಬೇಕು. ಹೀಗೆ ನೋಡಿದರೆ ದಾನವೇ ಇಲ್ಲಿ ಕಣಜವೂ ಆಗಿತ್ತು.

ಸುಗಂಧರಾಜವು ಈ ಹಿತ್ತಿಲುಗಳಿಗೆ ದೂರದಿಂದ ಬಂದ ಅತಿಥಿ. ಅದರ ತವರು ಮೆಕ್ಸಿಕೋ ದೇಶ. ಸ್ಪೇನಿನವರು ಆ ದೇಶವನ್ನು ಗೆದ್ದ ತರುವಾಯ, ೧೬ನೆಯ ಶತಮಾನದಲ್ಲಿ ಅದು ಯುರೋಪನ್ನು ಸೇರಿ, ಅನಂತರ ಭರತಖಂಡಕ್ಕೂ ಬಂದಿತು. ೧೯೪೮ರ ವರೆಗೆ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದು, ಮಹಾರಾಷ್ಟ್ರದ ಮಗ್ಗುಲಲ್ಲಿರುವ ಈ ಭಾಗದಲ್ಲಿ ಕನ್ನಡ, ಉರ್ದು, ಮರಾಠಿಗಳು ಒಂದೇ ಬೀದಿಯಲ್ಲಿ ಕೇಳಿಬರುವುವು. ಕನ್ನಡದಲ್ಲಿ ಸುಗಂಧರಾಜವೆನಿಸಿದ ಹೂವು ಮರಾಠಿಯಲ್ಲಿ ನಿಶಿಗಂಧ. ಉರ್ದುವಿನಲ್ಲಿ ಗುಲ್‌ಶಬ್ಬೋ, ಅಂದರೆ ಇರುಳಲ್ಲಿ ಕಂಪು ಸೂಸುವ ಹೂ. ಪರದೇಶದ ಗಿಡವೊಂದಕ್ಕೆ ಮೂರು ಭಾಷೆಗಳೂ ತಮ್ಮ ತಮ್ಮ ಮನೆಯ ಹೆಸರನ್ನಿಟ್ಟು ಸಾಕಿಕೊಂಡುವು.

ಇದೇ ಹೂವಿನ ವಿಷಯದಲ್ಲಿ ಇದಕ್ಕೆ ವಿರುದ್ಧವಾದ ಕಥೆಯೊಂದು ಹಾಲೆಂಡಿನಲ್ಲಿ ನಡೆಯಿತು. ೧೮ನೆಯ ಶತಮಾನದಲ್ಲಿ ಲೈಡನ್ ನಗರದ ಲೆ ಕೂರ್ ಎಂಬಾತನು ಹಲವು ಸುತ್ತಿನ ಎಸಳುಳ್ಳ ಸುಗಂಧರಾಜವನ್ನು ಪಡೆದನು. ಗೆಡ್ಡೆಗಳು ಅವನ ತೋಟಕ್ಕೆ ಮಿಕ್ಕಿ ಬೆಳೆದುವು. ಯುರೋಪಿನಲ್ಲಿ ಆ ಹೂವು ತನ್ನೊಬ್ಬನ ಬಳಿಯಲ್ಲಿಯೇ ಇದೆಯೆಂದು ಹೇಳಿಕೊಳ್ಳುವ ಹಮ್ಮಿನಿಂದ, ಹೆಚ್ಚಾದ ಗೆಡ್ಡೆಗಳನ್ನು ಯಾರಿಗೂ ಕೊಡದೆ ಕೊಚ್ಚಿಹಾಕಿಸಿದನೆಂದು ಇಂಗ್ಲೆಂಡಿನ ತೋಟಗಾರ ಫಿಲಿಪ್ ಮಿಲ್ಲರನು ತನ್ನ ತೋಟಗಾರಿಕೆಯ ನಿಘಂಟಿನಲ್ಲಿ ಬರೆದಿಟ್ಟಿದ್ದಾನೆ. ಲೆ ಕೂರನ ಕತ್ತಿಯು ಗೆಲ್ಲಲಿಲ್ಲ. ಅಂಥ ಹೂವು ಇಂದು ಲೋಕದಲ್ಲೆಲ್ಲ ಹರಡಿದೆ.

ಗುಂಪನ್ನು ಬಿಡಿಸದೆ ಕಾಪಾಡುವೆನೆಂಬ ಲೋಭಕ್ಕೆ ಪ್ರಕೃತಿಯೂ ಒಪ್ಪುವುದಿಲ್ಲ. ಸುಗಂಧರಾಜದಲ್ಲಿ ಒಮ್ಮೆ ಹೂಬಿಟ್ಟ ಗೆಡ್ಡೆಯು ಮತ್ತೆ ಹೂಬಿಡದು. ಅದರ ಸುತ್ತಲೂ ಹುಟ್ಟಿದ ಮರಿಗೆಡ್ಡೆಗಳು ಆ ಕೆಲಸವನ್ನು ಮುಂದುವರಿಸುತ್ತವೆ. ಎರಡು ಮೂರು ವರ್ಷಗಳಲ್ಲಿ ಮರಿಗಳು ಒತ್ತೊತ್ತಾಗಿ, ಎಲೆ ಹೆಚ್ಚಿ, ಹೂವು ಕಡಮೆಯಾಗುವುದು. ಆಗ ಎಲೆಗಳು ಹಳದಿಯಾದ ಮೇಲೆ ನೀರು ನಿಲ್ಲಿಸಿ, ಚಳಿಗಾಲ ಕಳೆಯುವ ಹೊತ್ತಿಗೆ ಗುಂಪನ್ನು ಅಗೆದು, ನೆರಳಿನಲ್ಲಿ ಆರಿಸಿ, ಕೈಯಿಂದ ಬಿಡಿಸಬೇಕು. ಹೆಬ್ಬೆರಳಿನ ಗಾತ್ರಕ್ಕೆ ಮೇಲ್ಪಟ್ಟವು ಅದೇ ವರ್ಷ ಹೂ ಕೊಡುತ್ತವೆ. ಸಣ್ಣವನ್ನು ಬೇರೆ ಮಡಿಯಲ್ಲಿಟ್ಟು ಒಂದು ವರ್ಷ ಬೆಳೆಸಬೇಕು. ಯುಗಾದಿಯ ಆಸುಪಾಸಿನಲ್ಲಿ ಎರಡು ಅಂಗುಲ ಆಳಕ್ಕೆ, ಗೇಣಿಗೊಂದರಂತೆ ನೆಟ್ಟರೆ ಸಾಕು. ಎರೆಮಣ್ಣು ನೀರು ಹಿಡಿದು ಗೆಡ್ಡೆಯನ್ನು ಕೊಳೆಯಿಸುವುದರಿಂದ ಮರಳನ್ನೂ ಹಳೆಯ ತಿಪ್ಪೆಗೊಬ್ಬರವನ್ನೂ ಬೆರೆಸಿ ಮಡಿಯನ್ನು ಎತ್ತರಿಸುವುದು ಅವಶ್ಯ. ಕೊಡುವಾಗಲೂ ವಿವೇಕ ಬೇಕು: ಮೆತ್ತಗಾದ, ಕಲೆಬಿದ್ದ ಗೆಡ್ಡೆಯೊಡನೆ ರೋಗವೂ ಬೇರಿನ ಸೂಕ್ಷ್ಮ ಹುಳುವೂ ನೆರೆಮನೆಗೆ ಹೋಗುತ್ತವೆ.

ಸ್ವತಂತ್ರ ಭಾರತದ ಶಾಸನಗಳೂ ಈ ಪುರಾತನ ವಿಚಾರವನ್ನು ಮುಟ್ಟಿವೆ. ೧೯೬೬ರ ಬೀಜ ಅಧಿನಿಯಮವು ಗೆಡ್ಡೆ, ಕಂದ, ಬೇರು ಮತ್ತು ತುಂಡುಗಳನ್ನೂ ಬೀಜವೆಂಬ ಶಬ್ದದಲ್ಲಿಯೇ ಅಡಗಿಸಿತು; ವಿನಯಪಿಟಕದ ಮೂಲಬೀಜವು ಹೀಗೆ ನ್ಯಾಯಶಾಸ್ತ್ರದ ಭಾಷೆಯಲ್ಲಿ ಮರಳಿ ಕಾಣಿಸಿಕೊಂಡಿತು. ಸಸ್ಯತಳಿಗಳಿಗೆ ಒಡೆತನದ ಹಕ್ಕನ್ನು ಕಲ್ಪಿಸಿದ ೨೦೦೧ರ ಅಧಿನಿಯಮವು, ರೈತನು ತನ್ನ ಬೆಳೆಯ ಬೀಜವನ್ನು ಉಳಿಸಿಕೊಳ್ಳುವ, ಮತ್ತೆ ಬಿತ್ತುವ, ಬದಲಿಸಿಕೊಳ್ಳುವ, ಹಂಚುವ ಅಧಿಕಾರವನ್ನೂ ಕಾದಿರಿಸಿದೆ. ವ್ಯಾಪಾರಮುದ್ರೆಯನ್ನೊತ್ತಿ ಮಾರುವುದನ್ನು ಮಾತ್ರ ಅದು ತಡೆಯುತ್ತದೆ. ಹೊಸ ತಳಿಯನ್ನು ಸಾಧಿಸಿದವನ ಶ್ರಮಕ್ಕೆ ಫಲ ದೊರೆಯುವುದು ನ್ಯಾಯವೇ. ಆದರೆ ಹಂಚುವ ಹಕ್ಕು ಕಾಗದದಲ್ಲಿದ್ದು ಹಂಚುವ ರೂಢಿಯು ಮನೆಗಳಲ್ಲಿ ತಪ್ಪಿದರೆ, ಆ ಹಕ್ಕಿನಿಂದ ಒಂದು ಮೊಳಕೆಯೂ ಏಳದು.

ಹಿತ್ತಿಲುಗಳು ಕಿರಿದಾಗಿ ಅಂಗಳಗಳಿಗೆ ಕಲ್ಲು ಹಾಸುವ ಈ ಕಾಲದಲ್ಲಿ ಒಂದು ಕುಂಡವಾದರೂ ಉಳಿದಿರುವ ಮನೆಯಲ್ಲಿ ಮೂರು ವರ್ಷಕ್ಕೊಮ್ಮೆ ಗುಂಪನ್ನು ಅಗೆಯುವುದು ಅಗತ್ಯ. ಅರ್ಧವನ್ನು ನೆಟ್ಟುಕೊಂಡು ಅರ್ಧವನ್ನು ನೆರೆಯವರ ಕೈಗೆ ಹಾಕುವ ಗೃಹಿಣಿಯು, ತನ್ನ ಗಿಡವು ಒಂದು ವರ್ಷ ಕೊಳೆತುಹೋದರೆ ಎಲ್ಲಿಗೆ ಹೋಗಿ ಕೇಳಬೇಕೆಂಬುದನ್ನು ಬಲ್ಲಳು.